ಮನೆಗೆ ವೈಫೈ ರೂಟರ್: ಯಾವ ಕಂಪನಿದು ತಗೊಳ್ಳೋದು ಅಂತ ಕೇಳಿದವರಿಗೆ



ಹೋದ ವಾರ ಎಲೆಚುಕ್ಕಿ ರೋಗದ ವಿಷಯ ಮುಂದುವರಿಸ್ತೀನಿ ಅಂದಿದ್ದೆ. ಅದು ಮುಂದಿನ ವಾರಕ್ಕಿರಲಿ. ಯಾಕಂದ್ರೆ ಈ 15 ದಿನದಲ್ಲಿ ನಾಕು ಜನ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದ್ರು. "ನಿಮ್ಮನೇಲಿ ಮಗ ಮನೆಯಿಂದಲೇ ಕೆಲಸ ಮಾಡ್ತಾನಂತಲ್ಲ, ಯಾವ ಕಂಪನಿ ರೂಟರ್ ಹಾಕಿದ್ರಿ?" ಒಬ್ಬೊಬ್ಬರಿಗೆ ಹೇಳೋದಕ್ಕಿಂತ ಇಲ್ಲೇ ಬರೆದ್ರೆ ಎಲ್ಲರಿಗೂ ಆಗುತ್ತೆ.

ಕಂಪನಿ ಹೆಸರು ಹೇಳ್ತೀನಿ, ಮುಚ್ಚಿಡೋದು ಎಂತದೂ ಇಲ್ಲ. ಆದ್ರೆ ಹೆಸರೊಂದೇ ಕೇಳ್ಕೊಂಡು ಪೇಟೆಗೆ ಹೋದ್ರೆ ನಾನು ಕಳ್ಕೊಂಡ ದುಡ್ಡು, ದಿನ ಎರಡನ್ನೂ ನೀವೂ ಕಳ್ಕೊಳ್ತೀರಿ. ಅದಕ್ಕೆ ಮೊದಲಿಂದ ಹೇಳ್ತೀನಿ.

ನಾನು ಎಸ್‌ಎಸ್‌ಎಲ್‌ಸಿ ಓದಿದವ. ಕಂಪ್ಯೂಟರ್ ಕಲಿತವ ಅಲ್ಲ. ಇಲ್ಲಿ ಬರೆದಿದ್ದು ಮಗ ಹೇಳಿದ್ದು, ಫೈಬರ್ ಲೈನ್ ಹುಡುಗ ಹೇಳಿದ್ದು, ನಾನೇ ಎಡವಿ ಕಲ್ತಿದ್ದು.

ಈ ಪೇಜ್ ಓದೋರಿಗೆ ಗೊತ್ತು, ಜೂನ್ ಮೂರನೇ ವಾರದಲ್ಲಿ ತೋಟದ ಸಂಕದ ಮೇಲೆ ಜಾರಿ ಬಿದ್ದೆ. ದಬ್ಬೆ ಸಂಕ, ಮೇಲೆ ಪಾಚಿ. 30 ವರ್ಷ ದಾಟಿದ ಸಂಕವೇ. ಬಲಗಾಲಿನ ಮೂಳೆ ಮುರೀತು, ರಾಡ್ ಹಾಕಿದ್ರು. ಮೂರು ತಿಂಗಳು ಕಾಲು ಊರೋ ಹಾಗಿಲ್ಲ ಅಂದ್ರು. ಮನೇಲಿ ಇವಳೊಬ್ಬಳೇ. ಎರಡು ಹಸು, ಒಂದು ಕರು. ತೋಟ ಎರಡೂಕಾಲು ಎಕರೆ. ಎರಡನೇ ಸಲದ ಕೊಳೆ ಔಷಧಿ ಹೊಡಿಯೋದು ಬಾಕಿ. ಔಷಧಿ ಹೊಡಿಯೋರು ಸಿಗೋದೇ ಕಷ್ಟ, ಸಿಕ್ಕಿದ ದಿನ ಮಳೆ ಹೊಳವಾಗಬೇಕು, ಹೊಳವಾದ ದಿನ ಮೈಲುತುತ್ತ, ಸುಣ್ಣ ಕದಡಿ ರೆಡಿ ಇರ್ಬೇಕು. ಹಾಸಿಗೆ ಮೇಲೆ ಮಲಗಿ ಫೋನಲ್ಲಿ ಮಾಡಿಸೋ ಕೆಲಸ ಅಲ್ಲ ಅದು.

ಮಗ ಬೆಂಗಳೂರಲ್ಲಿ ಒಂದು ಕಂಪನೀಲಿ ಇದ್ದಾನೆ. ಸುದ್ದಿ ಕೇಳಿ ಅವತ್ತೇ ರಾತ್ರಿ ಬಸ್ಸಿಗೆ ಹೊರಟು ಬಂದ. ಆಫೀಸಲ್ಲಿ ಮಾತಾಡಿ ದೀಪಾವಳಿ ತನಕ ಮನೆಯಿಂದಲೇ ಕೆಲಸ ಮಾಡೋಕೆ ಒಪ್ಪಿಗೆ ತಗೊಂಡ. ಒಂದೇ ಷರತ್ತು. ನೆಟ್ ಸರಿಯಾಗಿರ್ಬೇಕು, ಮೀಟಿಂಗ್ ನಡುವೆ ಕಟ್ ಆಗ್ಬಾರದು.

"ಫೈಬರ್ ಇದೆಯಲ್ಲ ಅಪ್ಪಯ್ಯ, ತೊಂದ್ರೆ ಇಲ್ಲ" ಅಂದ. ನಾನೂ ಹಂಗೇ ಅಂದ್ಕೊಂಡಿದ್ದೆ. ನಮ್ಮೂರಿಗೆ ಫೈಬರ್ ಬಂದು ಎರಡು ವರ್ಷ ಆಯ್ತು. ಕೊರೋನಾ ಟೈಮಲ್ಲಿ ಮಕ್ಕಳು ಛತ್ರಿ ಹಿಡ್ಕೊಂಡು ಗುಡ್ಡದ ಮೇಲೆ ಕೂತು ಪಾಠ ಕೇಳಿದ್ದನ್ನ ನೋಡಿದ ನಮಗೆ, ಮನೆ ಬಾಗಿಲಿಗೆ ಫೈಬರ್ ಬಂದಿದ್ದೇ ದೊಡ್ಡದಾಗಿತ್ತು. ನಾನು ಜಗಲಿ ಮೇಲೆ ಕೂತು ಅಡಿಕೆ ಧಾರಣೆ ನೋಡ್ತಿದ್ದೆ, ಮಳೆ ಸುದ್ದಿ ನೋಡ್ತಿದ್ದೆ, ಸಲೀಸಾಗಿ ಬರ್ತಿತ್ತು. ಮನೆ ಒಳಗೆ ಬರುತ್ತಾ ಇಲ್ವಾ ಅಂತ ಒಂದಿನವೂ ನೋಡಿರಲಿಲ್ಲ.

ನಮ್ಮ ಮನೆ ನಮ್ಮಪ್ಪಯ್ಯ ಕಟ್ಟಿಸಿದ್ದು. ಜಂಬಿಟ್ಟಿಗೆ ಗೋಡೆ, ಒಂದೂವರೆ ಅಡಿ ದಪ್ಪ. ಜಗಲಿ, ನಡುಮನೆ, ಅಡಿಗೆಮನೆ, ಅದರಾಚೆ ಹಿಂದಿನ ಕೋಣೆ. ಉದ್ದಕ್ಕೆ ರೈಲು ಡಬ್ಬಿ ಇದ್ದಂಗೆ. ಫೈಬರ್ ವೈರ್ ರಸ್ತೆ ಕಡೆಯಿಂದ ಬಂತು, ಲೈನಿನವರು ಜಗಲಿ ಮೂಲೇಲಿ ಪೆಟ್ಟಿಗೆ ಕೂರಿಸಿ ಹೋದ್ರು. ಪಕ್ಕದಲ್ಲೇ ನಮ್ಮ ಕಬ್ಬಿಣದ ಬೀರು. ಮಗನ ಕೋಣೆ ಕಡೇದು, ಮಧ್ಯ ಮೂರು ಗೋಡೆ. ಮಳೆಗಾಲದಲ್ಲಿ ಆ ಗೋಡೆಗಳು ನೀರು ಕುಡಿದು ಇನ್ನೂ ಗಟ್ಟಿ. ವೈಫೈಗೆ ನೀರು ಅಂದ್ರೆ ಆಗಲ್ಲ, ತೇವ ಇರೋ ಗೋಡೆ, ನೆನೆದ ಸೊಪ್ಪು ಎಲ್ಲ ಅದನ್ನ ಹೀರ್ಕೊಳ್ಳುತ್ತೆ ಅಂತ ಆಮೇಲೆ ತಿಳೀತು.

ಮೊದಲ ಸೋಮವಾರವೇ ಮೂರು ಸಲ ಕಟ್ ಆಯ್ತು. ನಾನು ನಡುಮನೆ ಮಂಚದ ಮೇಲೆ. ಹಿಂದಿನ ಕೋಣೆಯಿಂದ "ಹಲೋ, ಹಲೋ, ಕೇಳಿಸ್ತಾ ಇದೆಯಾ" ಅನ್ನೋದು ಬಿಟ್ರೆ ಬೇರೆ ಮಾತಿಲ್ಲ. ಮಂಗಳವಾರ ಲ್ಯಾಪ್‌ಟಾಪ್ ಎತ್ಕೊಂಡು ಜಗಲಿಗೆ ಬಂದು ಕೂತ. ಅಲ್ಲಿ ನೆಟ್ ಬಂತು. ಆದ್ರೆ ಜಗಲಿ ಅಂದ್ರೆ ಗೊತ್ತಲ್ಲ. ನನ್ನ ಕಾಲು ನೋಡೋಕೆ ಬರೋರು, ಹಾಲಿಗೆ ಬರೋರು, ನಾಯಿ, ಜೊತೆಗೆ ಇರಿಚಲು. ಯಾರೋ ಬಂದು ಅವನ ಎದುರಿಗೇ ಕವಳ ಹಾಕ್ಕೊಂಡು ಕೂತು, "ಎಷ್ಟು ಸಂಬಳ ತಮಾ?" ಅಂತ ಕೇಳಿದ್ದು ಆ ಕಡೆ ಮೀಟಿಂಗಲ್ಲಿ ಎಲ್ಲರಿಗೂ ಕೇಳಿಸಿತಂತೆ.

ಗುರುವಾರ ಅವನ ಮೇಲಿನವರು ಹೇಳಿದ್ರು. ನೆಟ್ ಸರಿ ಆಗಲ್ಲ ಅಂದ್ರೆ ಮುಂದಿನ ಸೋಮವಾರದ ನಂತರ ಆಫೀಸಿಗೇ ಬರಬೇಕು. ಮಗ ನನಗೆ ಹೇಳ್ಲಿಲ್ಲ. ಅವನಮ್ಮನಿಗೆ ಹೇಳ್ದ. ಅವಳು ನನಗೆ ಹೇಳಿದ್ಲು, ಹೇಳಿ ಹಸುವಿಗೆ ಹುಲ್ಲು ಹಾಕೋಕೆ ಹೋದ್ಲು. ಆ ರಾತ್ರಿ ನನಗೆ ಕಾಲು ನೋವಿಗಿಂತ ಇದೇ ಜಾಸ್ತಿ ಆಯ್ತು.

ನಾನು ಮಾಡಿದ ಮೊದಲ ತಪ್ಪು

ಬೆಳಿಗ್ಗೆ ಎದ್ದವನೇ ಮಗನಿಗೂ ಹೇಳದೆ ಪೇಟೇಲಿರೋ ಭಾವನಿಗೆ ಫೋನ್ ಮಾಡಿ, "ಒಳ್ಳೆ ಕಂಪನಿದು ಒಂದು ರೂಟರ್ ತಗೊಂಡು ಬಾ, ಪವರ್ ಜಾಸ್ತಿ ಇರೋದು" ಅಂದೆ. ಭಾವ ಪಾಪ ಹಂಗೇ ಅಂಗಡೀಲಿ ಕೇಳ್ದ. ನಾಕು ಕೊಂಬು ಇರೋದನ್ನ ಕೊಟ್ರು. ಸಂಜೆ ತಂದು, ಜಗಲಿಯ ಹಳೇ ಪೆಟ್ಟಿಗೆ ಪಕ್ಕದಲ್ಲೇ ಇಟ್ಟು ಜೋಡಿಸಿದ್ವಿ.

ಹಿಂದಿನ ಕೋಣೇಲಿ ಅದೇ ಕಥೆ. ಮೊದಲು ಒಂದು ಕಡ್ಡಿ ತೋರಿಸ್ತಿದ್ದದ್ದು ಎರಡು ಕಡ್ಡಿ ತೋರಿಸ್ತು. ಮಾತು ಮಾತ್ರ ಕಟ್ ಆಗೋದು ಹಂಗೇ.

ಫೈಬರ್ ಲೈನ್ ಹುಡುಗ ಮಾರನೇ ದಿನ ಬೇರೆ ಮನೆಗೆ ಬಂದಿದ್ದ, ಕರೆದು ತೋರಿಸಿದ್ವಿ. ನೋಡಿ ನಕ್ಕ. "ಗೌಡ್ರೆ, ನೀವು ದೊಡ್ಡ ಪಂಪ್ ತಂದ್ರಿ, ಪೈಪ್ ಹಾಕ್ಲೇ ಇಲ್ಲ" ಅಂದ.

ಆ ಮಾತು ನನಗೆ ನಾಟಿತು. ಪಂಪ್‌ಸೆಟ್ ತಗೊಳ್ಳೋವಾಗ ನಾವು ಮೊದಲು ಕಂಪನಿ ಕೇಳ್ತೀವಾ? ಬಾವಿ ಎಷ್ಟು ಆಳ, ತೋಟ ಎಷ್ಟು ಎತ್ತರ, ಪೈಪ್ ಎಷ್ಟುದ್ದ, ಎಷ್ಟು ನೀರು ಬೇಕು. ಹೆಡ್ ಲೆಕ್ಕ ಹಾಕಿ, ಆಮೇಲೆ ಎಚ್‌ಪಿ, ಕಡೆಗೆ ಕಂಪನಿ. ರೂಟರಿಗೆ ಮಾತ್ರ ನಾನು ಉಲ್ಟಾ ಹೋಗಿದ್ದೆ.

ಇನ್ನೊಂದು ಮಾತೂ ಅವನು ಹೇಳ್ದ. ದೇವಸ್ಥಾನದ ಮೈಕ್ ನಮ್ಮನೆ ತನಕ ಕೇಳುತ್ತೆ. ಹಂಗಂತ ನಾವು ಇಲ್ಲಿಂದ ಕೂಗಿದ್ರೆ ದೇವಸ್ಥಾನಕ್ಕೆ ಕೇಳುತ್ತಾ? ರೂಟರಿಗೆ ಕೊಂಬು ಜಾಸ್ತಿ ಇದ್ರೆ ಅದರ ದನಿ ದೂರ ಬರಬಹುದು, ಆದ್ರೆ ನಮ್ಮ ಮೊಬೈಲು, ಲ್ಯಾಪ್‌ಟಾಪಿನ ದನಿ ವಾಪಸ್ ಅಲ್ಲಿಗೆ ಮುಟ್ಟಬೇಕಲ್ಲ. ಅದಕ್ಕೇ ಕಡ್ಡಿ ಕಾಣಿಸ್ತಾ ಇದ್ರೂ ಮಾತು ನಿಲ್ಲೋದು.

ಅಳತೆ ಮಾಡಿದ್ವಿ

ಮಗ ಮೊಬೈಲಲ್ಲಿ ಸ್ಪೀಡ್ ನೋಡೋದನ್ನ ಹಾಕ್ಕೊಂಡು ಮನೆ ತುಂಬ ಓಡಾಡಿದ. ನಾನು ಮಂಚದ ಮೇಲೆ ಕೂತು ಕ್ಯಾಲೆಂಡರ್ ಹಿಂದೆ ಬರ್ಕೊಂಡೆ. ನಮ್ಮದು 50 ಎಂಬಿಪಿಎಸ್ ಪ್ಲಾನು.

ಜಗಲಿ: 48
ನಡುಮನೆ: 22
ಅಡಿಗೆಮನೆ: 5
ಹಿಂದಿನ ಕೋಣೆ: ಒಂದ್ಸಲ 1, ಇನ್ನೊಂದ್ಸಲ ಬರ್ಲೇ ಇಲ್ಲ

ನೋಡಿ, ಜಗಲೀಲಿ 48 ಬರ್ತಿದೆ ಅಂದ್ರೆ ಫೈಬರಿನ ತಪ್ಪಲ್ಲ, ರೂಟರಿನ ತಪ್ಪೂ ಅಲ್ಲ. ನೀರು ಬಾವೀಲಿ ಇದೆ, ತೋಟದ ತುದಿಗೆ ಹೋಗ್ತಿಲ್ಲ. ನಿಮ್ಮ ಮನೇಲೂ ದುಡ್ಡು ಬಿಚ್ಚೋ ಮೊದಲು ಇದೊಂದು ಕೆಲಸ ಮಾಡಿ. ಪೆಟ್ಟಿಗೆ ಪಕ್ಕ ನಿಂತು ನೋಡಿದಾಗಲೇ ಸ್ಪೀಡ್ ಕಡಿಮೆ ಇದ್ರೆ ಲೈನಿನವರನ್ನ ಕೇಳ್ಬೇಕು, ರೂಟರ್ ತಂದು ಪ್ರಯೋಜನ ಇಲ್ಲ. ಪೆಟ್ಟಿಗೆ ಮೇಲೆ ಎಲ್‌ಒಎಸ್ ಅಂತ ಬರೆದಿರೋ ಕಡೆ ಕೆಂಪು ಲೈಟ್ ಬಂದ್ರೆ ಫೈಬರ್ ಎಲ್ಲೋ ತುಂಡಾಗಿದೆ, ಇಲ್ಲ ಮಡಚಿಕೊಂಡಿದೆ ಅಂತ ಅರ್ಥ. ಆಗ ಯಾವ ಕಂಪನಿ ರೂಟರೂ ಏನೂ ಮಾಡಲ್ಲ.

ಎರಡನೇ ತಪ್ಪು

ಶನಿವಾರ ಪ್ಲಗ್ಗಿಗೆ ಚುಚ್ಚೋ ರಿಪೀಟರ್ ತರಿಸಿದೆ. ಇದೂ ನನ್ನದೇ ಅವಸರ. ಮಗನ ಕೋಣೇಲೇ ಚುಚ್ಚಿದ್ವಿ. ಮೊಬೈಲಲ್ಲಿ ಫುಲ್ ಕಡ್ಡಿ ಬಂತು, ನನಗೆ ಖುಷಿಯೋ ಖುಷಿ. ಸ್ಪೀಡ್ ನೋಡಿದ್ರೆ 1.

ಯಾಕಂದ್ರೆ ರಿಪೀಟರ್ ತಾನೇನೂ ನೆಟ್ ಹುಟ್ಟಿಸಲ್ಲ. ತನಗೆ ಕೇಳಿದ್ದನ್ನ ಮತ್ತೆ ಕೂಗುತ್ತೆ ಅಷ್ಟೆ. ಅದಕ್ಕೇ ಕೇಳಿಸದ ಜಾಗದಲ್ಲಿ ಇಟ್ರೆ ಎಂತ ಕೂಗುತ್ತೆ? ಅಡಿಗೆಮನೆ ಬಾಗಿಲ ಹತ್ರ ತಂದು ಇಟ್ವಿ, 6 ಬಂತು. ಆದ್ರೂ ಮಾತು ತಡೆದು ತಡೆದು ಬರೋದು ಹೋಗ್ಲಿಲ್ಲ. ಕಡಿಮೆ ಬೆಲೆಯದ್ದು ಒಂದೇ ಬಾಯಲ್ಲಿ ಕೇಳ್ಕೊಂಡು, ಅದೇ ಬಾಯಲ್ಲಿ ಹೇಳ್ಬೇಕು. ಕೇಳೋವಾಗ ಹೇಳೋಕಾಗಲ್ಲ, ಹೇಳೋವಾಗ ಕೇಳೋಕಾಗಲ್ಲ. ಅಲ್ಲಿಗೆ ಅರ್ಧ ಹೋಯ್ತು. ಸಣ್ಣ ಮನೆಗೆ, ವಾಟ್ಸಾಪ್ ನೋಡೋಕೆ ಸಾಕಾಗಬಹುದು. ಕೆಲಸಕ್ಕೆ ಆಗಲ್ಲ.

ಕಡೆಗೆ ಆಗಿದ್ದು ಹೇಗೆ

ಭಾನುವಾರ. ಮಾರನೇ ದಿನ ಅವನಿಗೆ ಕೊಟ್ಟ ಗಡುವು. ಮಗನೂ ಲೈನ್ ಹುಡುಗನೂ ಸೇರಿ ಲ್ಯಾನ್ ವೈರ್ ಎಳೆದ್ರು. ಜಗಲಿ ಪೆಟ್ಟಿಗೆಯಿಂದ ಅಟ್ಟದ ಮೇಲೆ ಹಾಯಿಸಿ ಹಿಂದಿನ ಕೋಣೆಗೆ ಇಳಿಸಿದ್ರು. 22 ಮೀಟರ್ ಬೇಕಾಯ್ತು. ನಾನು ತರಿಸಿದ್ದ ನಾಕು ಕೊಂಬಿನ ರೂಟರನ್ನ ಜಗಲಿಯಿಂದ ಕಿತ್ತು ಆ ವೈರಿನ ತುದಿಗೆ, ಮಗನ ಕೋಣೇಲಿ ಹಾಕಿದ್ರು.

ಸ್ಪೀಡ್ ನೋಡಿದ್ರೆ 48. ಅಡಿಗೆಮನೇಲಿ 31.

ವೈರ್, ಪೈಪು, ಎರಡು ತುದಿ ಕ್ಲಿಪ್ಪು ಎಲ್ಲ ಸೇರಿ ಸಾವಿರ ರೂಪಾಯಿ ಒಳಗೇ ಆಯ್ತು. ರಿಪೀಟರಿಗೆ ಕೊಟ್ಟ ದುಡ್ಡಿಗಿಂತ ಕಡಿಮೆ.

ಇದು ಮಾಡೋರಿಗೆ ಕೆಲವು ಮಾತು ಬರ್ಕೊಳ್ಳಿ:

ವೈರ್ ಕ್ಯಾಟ್-6 ಕೇಳಿ, ಪೂರ್ತಿ ತಾಮ್ರದ್ದೇ ಕೇಳಿ. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ್ದೂ ಬರುತ್ತೆ, ಅಗ್ಗ. ಬ್ಲೇಡಲ್ಲಿ ಕೆರೆದು ನೋಡಿ, ಒಳಗೆ ಬಿಳಿ ಕಂಡ್ರೆ ಬೇಡ. ಮೋಟರ್ ವೈಂಡಿಂಗಿನಲ್ಲಿ ನಾವು ನೋಡ್ತೀವಲ್ಲ, ಅದೇ ಲೆಕ್ಕ. ಈ ವೈರ್ 100 ಮೀಟರ್ ತನಕ ಸರಿ, ಅದಕ್ಕಿಂತ ಉದ್ದ ಎಳೀಬಾರದು.

ಅಟ್ಟದಲ್ಲಿ ಇಲಿ ಇರುತ್ತೆ. ವೈರನ್ನ ಕರೆಂಟಿನ ಪಿವಿಸಿ ಪೈಪಿನ ಒಳಗೆ ಹಾಕಿ. ತುದಿ ಕ್ಲಿಪ್ ಹಾಕೋ ಮೊದಲೇ ಪೈಪಿನೊಳಗೆ ತೂರಿಸ್ಕೊಳ್ಳಿ, ಆಮೇಲೆ ಒದ್ದಾಡ್ಬೇಡಿ. ಕರೆಂಟ್ ವೈರ್ ಇರೋ ಪೈಪಲ್ಲೇ ಸೇರಿಸಿ ಹಾಕ್ಬೇಡಿ.

ಎರಡನೇ ರೂಟರನ್ನ ಆಕ್ಸೆಸ್ ಪಾಯಿಂಟ್ ಮೋಡಿಗೆ ಹಾಕ್ಬೇಕು. ಇಲ್ಲಾಂದ್ರೆ ಮನೇಲಿ ಇಬ್ಬರು ಯಜಮಾನರು ಆದಂಗೆ, ಇಬ್ಬರೂ ಲೆಕ್ಕ ಬರೆಯೋಕೆ ಹೊರಡ್ತಾರೆ. ಎರಡಕ್ಕೂ ವೈಫೈ ಹೆಸರು, ಪಾಸ್‌ವರ್ಡ್ ಒಂದೇ ಇಟ್ರೆ ಮೊಬೈಲ್ ತಾನೇ ಹತ್ತಿರದ್ದನ್ನ ಹಿಡ್ಕೊಳ್ಳುತ್ತೆ.

ಕೊಟ್ಟಿಗೆ, ಪಂಪ್‌ಹೌಸಿಗೆ ಹೊರಗಡೆಯಿಂದ ತಾಮ್ರದ ವೈರ್ ಎಳೆಯೋ ಆಸೆ ಬೇಡ. ನಮ್ಮ ಸಿಡಿಲು ಗೊತ್ತಲ್ಲ. ಅಲ್ಲಿಗೆ ಬೇಕೇ ಬೇಕು ಅಂದ್ರೆ ಫೈಬರ್ ಎಳೆಸೋದು ಒಳ್ಳೇದು. ಫೈಬರಿನ ಒಳಗಿರೋದು ಗಾಜಿನ ಎಳೆ, ಅದರಲ್ಲಿ ಕರೆಂಟ್ ಹರಿಯಲ್ಲ. ಆದ್ರೆ ಕೆಲವು ಫೈಬರ್ ವೈರಿಗೆ ಬಿಗಿಯೋಕೆ ಅಂತ ಜೊತೆಗೆ ಒಂದು ಉಕ್ಕಿನ ತಂತಿ ಇರುತ್ತೆ, ಅದರಲ್ಲಿ ಹರಿಯುತ್ತೆ. ತಂತಿ ಇಲ್ಲದ್ದು ಕೇಳಿ. ಗುಡುಗು ಶುರುವಾದ್ರೆ ಅಡಾಪ್ಟರ್ ಪ್ಲಗ್ ಕೀಳೋದು ಬಿಡ್ಬೇಡಿ, ಸ್ವಿಚ್ ಆಫ್ ಮಾಡಿದ್ರೆ ಸಾಲಲ್ಲ. ಎರಡು ಪೆಟ್ಟಿಗೆ ಇದ್ರೆ ಎರಡರದ್ದೂ ಕೀಳಿ, ಮಧ್ಯದ ಲ್ಯಾನ್ ವೈರೂ ಬಿಚ್ಚಿ. ಹೋದ ವರ್ಷ ಏಪ್ರಿಲ್ ಮಳೇಲಿ ನಮ್ಮ ಮೊದಲ ಪೆಟ್ಟಿಗೆ ಸುಟ್ಟಿದ್ದು ಕರೆಂಟ್ ಲೈನಿಂದ.

ಈಗ ಕಂಪನಿ ವಿಷಯ

ನಮ್ಮಲ್ಲಿ ಸಿಗೋವು ಟಿಪಿ-ಲಿಂಕ್, ಡಿ-ಲಿಂಕ್, ಟೆಂಡಾ. ಆನ್‌ಲೈನಲ್ಲಿ ನೋಡಿದ್ರೆ ನೆಟ್‌ಗೇರ್, ಆಸುಸ್ ಕೂಡ ಇವೆ. ಟಿಪಿ-ಲಿಂಕ್ ಮತ್ತು ಟೆಂಡಾ ಚೀನಾದ ಶೆಂಜೆನ್‌ನಲ್ಲಿ ಶುರುವಾಗಿದ್ದು, ಡಿ-ಲಿಂಕ್ ಮತ್ತು ಆಸುಸ್ ತೈವಾನಿನವು, ನೆಟ್‌ಗೇರ್ ಅಮೆರಿಕದ್ದು. ನಮ್ಮನೇಲಿ ಇರೋದು ಟಿಪಿ-ಲಿಂಕಿನ ಎಸಿ1200 ಮಾದರಿ. ಚೆನ್ನಾಗಿದೆ. ನಾನು ಅದನ್ನ ತಪ್ಪು ಜಾಗದಲ್ಲಿ ಇಟ್ಟಾಗ ನಡೀಲಿಲ್ಲ, ಸರಿ ಜಾಗದಲ್ಲಿ ಇಟ್ಟಾಗ ನಡೀತು. ಬೇರೆ ಕಂಪನಿದು ತಂದಿದ್ರೂ ಇದೇ ಆಗ್ತಿತ್ತು. ಜಾಹೀರಾತು ಅಂತ ತಿಳ್ಕೋಬೇಡಿ.

ಬಾಕ್ಸಿನ ಮೇಲಿನ ನಂಬರ್ ನೋಡಿ ಮರುಳಾಗ್ಬೇಡಿ. 1200 ಅಂದ್ರೆ ನಮಗೆ 1200 ಸ್ಪೀಡ್ ಬರುತ್ತೆ ಅಂತಲ್ಲ. ರೂಟರಲ್ಲಿ ಎರಡು ದಾರಿ ಇರುತ್ತೆ. ಒಂದು 2.4 ಗಿಗಾಹರ್ಟ್ಸ್, ಒಂದು 5 ಗಿಗಾಹರ್ಟ್ಸ್. ಮೊದಲನೇದಕ್ಕೆ 300, ಎರಡನೇದಕ್ಕೆ 867, ಎರಡೂ ಕೂಡಿಸಿ ಹತ್ತಿರದ ದೊಡ್ಡ ಸಂಖ್ಯೆ ಬರೀತಾರೆ. ಅದೂ ಲೆಕ್ಕದ ಪುಸ್ತಕದ ಸ್ಪೀಡು. ನಮ್ಮ ಪ್ಲಾನ್ 50 ಇದ್ದಾಗ 50ಕ್ಕಿಂತ ಜಾಸ್ತಿ ಎಲ್ಲಿಂದ ಬರುತ್ತೆ? ಅರ್ಧ ಇಂಚು ಬರೋ ಬೋರಿಗೆ ಮೂರಿಂಚು ಪೈಪ್ ಹಾಕಿದಂಗೆ.

2.4 ದೂರ ಹೋಗುತ್ತೆ, ಗೋಡೆ ದಾಟೋದ್ರಲ್ಲಿ ವಾಸಿ, ಸ್ಪೀಡ್ ಕಡಿಮೆ. 5 ಜೋರು, ಆದ್ರೆ ನಮ್ಮಂಥ ಗೋಡೆ ಎದುರು ಬಂದ್ರೆ ಅಲ್ಲಿಗೇ ನಿಂತ್ಬಿಡುತ್ತೆ. ಎರಡೂ ಇರೋದನ್ನೇ ತಗೊಳ್ಳಿ, ಈಗ ಬೆಲೇಲಿ ಅಂಥ ವ್ಯತ್ಯಾಸ ಇಲ್ಲ. 2018ರಿಂದ ವೈಫೈ 4, 5, 6 ಅಂತ ಸುಲಭದ ಹೆಸರು ಇಟ್ಟಿದ್ದಾರೆ. ಇದರಲ್ಲಿ ವೈಫೈ 5 ಅನ್ನೋದು 5 ಗಿಗಾಹರ್ಟ್ಸಿನ ದಾರಿಗೆ ಮಾತ್ರ. ಅಂಥ ರೂಟರಿನ 2.4 ದಾರಿ ಹಳೇ ವೈಫೈ 4ನೇ. ವೈಫೈ 6ರಲ್ಲಿ ಎರಡೂ ದಾರಿ ಹೊಸದು. ಮನೇಲಿ ಏಳೆಂಟು ಮೊಬೈಲು, ಟಿವಿ, ಕ್ಯಾಮೆರಾ ಎಲ್ಲ ಇದ್ರೆ ವೈಫೈ 6 ನೋಡಬಹುದು. ನಾಕು ಜನರ ಮನೆಗೆ ವೈಫೈ 5 ಸಾಕು.

ನಮ್ಮ ಪಕ್ಕದೂರಿನವರೊಬ್ಬರು ಹಳೇ ಟೆಲಿಫೋನ್ ಲೈನಿಗೆ ಹಾಕೋ ಡಿಎಸ್‌ಎಲ್ ಮೋಡೆಮ್ ರೂಟರ್ ಕಡಿಮೆಗೆ ಸಿಗ್ತು ಅಂತ ತಂದಿದ್ರು. ಅದರ ಹಿಂದೆ ಇದ್ದಿದ್ದು ಟೆಲಿಫೋನ್ ವೈರಿನ ಸಣ್ಣ ತೂತು. ಅದನ್ನ ಫೈಬರಿಗೆ ನೇರ ಜೋಡಿಸೋಕೆ ಬರಲ್ಲ. ಫೈಬರ್ ವೈರ್ ಮೊದಲು ಲೈನಿನವರು ಕೊಡೋ ಪೆಟ್ಟಿಗೆಗೆ ಬರಬೇಕು, ಅದನ್ನ ಒಎನ್‌ಟಿ ಅಂತಾರೆ. ಅಲ್ಲಿಂದ ಲ್ಯಾನ್ ವೈರಲ್ಲಿ ರೂಟರಿಗೆ. ಎಷ್ಟೋ ಕಡೆ ಆ ಪೆಟ್ಟಿಗೇಲೇ ವೈಫೈ ಇರುತ್ತೆ. ಮನೆ ಸಣ್ಣದಿದ್ರೆ, ಪೆಟ್ಟಿಗೆ ಮನೆ ಮಧ್ಯ ಇದ್ರೆ, ಬೇರೆ ರೂಟರೇ ಬೇಡ. ಹೊಸದಾಗಿ ಲೈನ್ ಹಾಕಿಸೋರು ಇದನ್ನ ಮೊದಲೇ ಹೇಳಿ. ಹತ್ತು ಮೀಟರ್ ಫೈಬರ್ ಜಾಸ್ತಿ ಆದ್ರೂ ಸರಿ, ನಡುಮನೇಲಿ ಎತ್ತರದಲ್ಲಿ ಕೂರಿಸಿ ಅನ್ನಿ. ಬೀರು, ಕನ್ನಡಿ, ಫ್ರಿಜ್ ಪಕ್ಕ ಬೇಡ.

ಹಂಗಾದ್ರೆ ಕಂಪನಿ ನೋಡೋದೇ ಬೇಡ್ವಾ? ನೋಡ್ಬೇಕು. ನಾನು ನೋಡೋದು ಮೂರು.

ಒಂದು, ಕೆಟ್ಟರೆ ಎಲ್ಲಿಗೆ ತಗೊಂಡು ಹೋಗ್ಬೇಕು. ಪೇಟೆ ಅಂಗಡಿಯವ್ರೇ ತಗೊಂಡು ಬದಲಾಯಿಸಿ ಕೊಡ್ತಾರಾ, ಇಲ್ಲ ನಾವೇ ಶಿವಮೊಗ್ಗಕ್ಕೋ ಬೆಂಗಳೂರಿಗೋ ಕಳಿಸ್ಬೇಕಾ. ಬಿಲ್ಲಿನ ಮೇಲೆ ವಾರಂಟಿ ಎಷ್ಟು ವರ್ಷ ಅಂತ ಬರೆಸ್ಕೊಳ್ಳಿ. ಸ್ಪ್ರೇಯರ್ ತಗೊಳ್ಳೋವಾಗ ವಾಷರ್ ಸಿಗುತ್ತಾ ಅಂತ ಕೇಳೋದಿಲ್ವಾ, ಹಂಗೆ.

ಎರಡು, ಕಂಪನಿ ಅದಕ್ಕೆ ಅಪ್‌ಡೇಟ್ ಕೊಡ್ತಾ ಇದೆಯಾ. ಹಳೇ ಸ್ಟಾಕ್ ಕಡಿಮೆಗೆ ಮಾರ್ತಾರೆ, ಕಂಪನಿ ಅದನ್ನ ಕೈಬಿಟ್ಟಿರುತ್ತೆ. ಕಳ್ಳರು ಒಳಗೆ ಬರೋ ಕಿಂಡಿ ಮುಚ್ಚೋರು ಇರಲ್ಲ. 2016ರಲ್ಲಿ ಮಿರಾಯ್ ಅನ್ನೋ ವೈರಸ್ ಬಂದು ಲಕ್ಷಗಟ್ಟಲೆ ಕ್ಯಾಮೆರಾ, ರೂಟರುಗಳನ್ನ ಹಿಡ್ಕೊಂಡಿತ್ತು. ಅದು ಮಾಡಿದ್ದು ಇಷ್ಟೆ, ಕಂಪನಿ ಹಾಕಿ ಕಳಿಸಿದ ಪಾಸ್‌ವರ್ಡನ್ನೇ ಹಾಕಿ ನೋಡಿದ್ದು. ಅದಕ್ಕೆ ರೂಟರ್ ಹಾಕಿದ ದಿನವೇ ಒಳಗಿನ ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿ, ವೈಫೈ ಪಾಸ್‌ವರ್ಡ್ ಬೇರೆ ಇಡಿ. ಎರಡನ್ನೂ ಅಡಿಕೆ ಲೆಕ್ಕದ ಪುಸ್ತಕದಲ್ಲಿ ಬರೆದಿಡಿ. ಮನೆಗೆ ಬಂದೋರಿಗೆ ಗೆಸ್ಟ್ ಅಂತ ಬೇರೆ ಹೆಸರಲ್ಲಿ ಕೊಡೋಕೆ ಬರುತ್ತೆ, ಅದನ್ನ ಕೊಡಿ.

ಮೂರು, ಅಡಾಪ್ಟರ್ ಎಷ್ಟು ವೋಲ್ಟ್. ಇದು ನಮ್ಮೂರಿಗೆ ಮುಖ್ಯ. ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಯಾವಾಗ ಬರುತ್ತೆ ಹೇಳೋಕಾಗಲ್ಲ. ರೂಟರಿಗೆ ಅಂತಲೇ ಸಣ್ಣ ಯುಪಿಎಸ್ ಬರುತ್ತೆ. ಹೆಚ್ಚಿನವು 12 ವೋಲ್ಟಿಂದು. ಕೆಲವು ರೂಟರ್ 9 ವೋಲ್ಟಿಂದು. ಅಡಾಪ್ಟರ್ ಮೇಲೆ ಬರೆದಿರುತ್ತೆ, ವೋಲ್ಟ್ ಸರಿಯಾಗಿ ಒಂದೇ ಇರ್ಬೇಕು, ಆಂಪಿಯರ್ ಯುಪಿಎಸ್ಸಿಂದು ಅಷ್ಟೇ ಇಲ್ಲ ಜಾಸ್ತಿ ಇರ್ಬೇಕು. ರೂಟರಿಗೆ ಮಾತ್ರ ಹಾಕಿ ಫೈಬರ್ ಪೆಟ್ಟಿಗೆ ಮರೆತ್ರೆ ಉಪಯೋಗ ಇಲ್ಲ, ಎರಡಕ್ಕೂ ಬೇಕು. ಮನೇಲಿ ಇನ್ವರ್ಟರ್ ಇದ್ರೆ ಎರಡು ಪ್ಲಗ್ ಪಾಯಿಂಟ್ ಅದಕ್ಕೆ ಕೊಟ್ರೆ ಮುಗೀತು. ಮನೆಗೆ ಬರೋ ಫೈಬರಿಗೂ ಅದು ಹೊರಡೋ ಎಕ್ಸ್‌ಚೇಂಜಿಗೂ ನಡುವೆ ಕರೆಂಟ್ ಬೇಕಾದ ಯಂತ್ರ ಸಾಮಾನ್ಯವಾಗಿ ಇರಲ್ಲ, ಬೆಳಕು ಹಂಚೋ ಗಾಜಿನ ಸ್ಪ್ಲಿಟರ್ ಮಾತ್ರ. ಹಂಗಾಗಿ ಆ ತುದಿ, ಈ ತುದಿ ಎರಡೂ ಕಡೆ ಬ್ಯಾಟರಿ ಇದ್ರೆ ಊರಿಡೀ ಕತ್ತಲಿದ್ರೂ ನೆಟ್ ಇರುತ್ತೆ. ಆಗಸ್ಟಲ್ಲಿ ಎರಡು ದಿನ ಲೈನ್ ಮೇಲೆ ಮರ ಬಿದ್ದು ಕರೆಂಟ್ ಇರಲಿಲ್ಲ, ಮೊಬೈಲ್ ಟವರೂ ಸತ್ತಿತ್ತು. ಮಗನ ಕೆಲಸ ನಿಲ್ಲಲಿಲ್ಲ.

ಇವಳು ಹೇಳಿದ ಮಾತು

ವೈರ್ ಎಳೆದ ದಿನ ಸಂಜೆ ಮಗ ಅವನಮ್ಮನ ಫೋನಲ್ಲಿ ಎಂತದೋ ಮಾಡ್ತಾ ಇದ್ದ. ನಮ್ಮನೇಲಿ ಮೊಬೈಲ್ ಸಿಗ್ನಲ್ ಅಂದ್ರೆ ಅಂಗಳದ ಮೂಲೆ, ಹಲಸಿನ ಮರದ ಹತ್ರ. ನಾನು ಬಿದ್ದ ದಿನ ಇವಳು ಮಳೇಲಿ ಅಲ್ಲಿಗೆ ಓಡಿ, ಫೋನ್ ನೆನೆಯದಂಗೆ ಸೆರಗಲ್ಲಿ ಮುಚ್ಕೊಂಡು, ಮೂರು ಸಲ ಮಾಡಿದ ಮೇಲೆ ಭಾವನಿಗೆ ಲೈನ್ ಸಿಕ್ಕಿದ್ದು. ನನಗೆ ಆಮೇಲೆ ಗೊತ್ತಾಯ್ತು.

ಫೋನಿನ ಸೆಟ್ಟಿಂಗಲ್ಲಿ ವೈಫೈ ಕಾಲಿಂಗ್ ಅಂತ ಇರುತ್ತೆ. ಅದನ್ನ ಆನ್ ಮಾಡಿದ್ರೆ ಟವರ್ ಇಲ್ಲದಿದ್ರೂ ವೈಫೈ ಮೇಲೇ ಮಾಮೂಲಿ ಫೋನ್ ಹೋಗುತ್ತೆ, ಬರುತ್ತೆ. ವಾಟ್ಸಾಪ್ ಅಲ್ಲ, ಮಾಮೂಲಿ ನಂಬರಿಗೇ. ಏರ್‌ಟೆಲ್, ಜಿಯೋದವರು 2019ರ ಕಡೇಲಿ, 2020ರ ಶುರುವಲ್ಲಿ ತಂದಿದ್ದು. ಎಲ್ಲ ಫೋನಲ್ಲೂ ಇರಲ್ಲ, ನಿಮ್ಮದ್ರಲ್ಲಿ ಇದೆಯಾ ನೋಡ್ಕೊಳ್ಳಿ. ಇವಳ ಫೋನಲ್ಲಿ ಇತ್ತು. ಎರಡು ವರ್ಷದಿಂದ ಇತ್ತು, ನಾವು ಯಾರೂ ಒತ್ತಿರಲಿಲ್ಲ.

ಅಡಿಗೆಮನೇಲಿ ಒಲೆ ಮುಂದೆ ನಿಂತು ತವರಿಗೆ ಫೋನ್ ಮಾಡಿ ಮಾತಾಡಿದ್ಲು. ಆಮೇಲೆ ನನ್ನ ಹತ್ರ ಬಂದು, "ಇಷ್ಟೇ ಆಗಿದ್ರೆ ಮೊದಲೇ ಮಾಡಿಸ್ಬೋದಿತ್ತಲ್ಲ" ಅಂದ್ಲು. ನಾನು ಎಂತ ಹೇಳ್ಲಿ. ಎರಡು ವರ್ಷ ಜಗಲೀಲಿ ಕೂತು ಧಾರಣೆ ನೋಡಿದವ ನಾನು. ಅಡಿಗೆಮನೇಲಿ ನೆಟ್ ಬರುತ್ತಾ ಅಂತ ಕೇಳಿರಲಿಲ್ಲ.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮಗನ ಮೀಟಿಂಗ್. ನಾನು ನಡುಮನೇಲಿ ಮಂಚದ ಮೇಲೆ, ಇವಳು ಮಜ್ಜಿಗೆ ಕಡೀತಾ ಇದ್ದವಳು ಕಡಗೋಲು ನಿಲ್ಲಿಸಿ ಕೂತಿದ್ಲು, ಸದ್ದಾಗುತ್ತೆ ಅಂತ. ಒಂದು ಗಂಟೆ ಹತ್ತು ನಿಮಿಷ ಮಾತಾಡಿದ. ಇಂಗ್ಲಿಷು, ನನಗೆ ಅರ್ಥ ಆಗಿದ್ದು ಕಮ್ಮಿ. ಒಂದ್ಸಲವೂ ಹಲೋ ಹಲೋ ಅನ್ನಲಿಲ್ಲ, ಅದು ಅರ್ಥ ಆಯ್ತು.

ಜುಲೈ ಕಡೇಲಿ ಎರಡನೇ ಔಷಧಿ ಆಯ್ತು. ಬೆಳಿಗ್ಗೆ ಆರಕ್ಕೆ ಎದ್ದು ಮಗನೇ ಮೈಲುತುತ್ತ, ಸುಣ್ಣ ಬೇರೆ ಬೇರೆ ಕದಡಿ, ಹದ ನೋಡಿ, ಔಷಧಿ ಹೊಡಿಯೋರ ಹಿಂದೆ ನಿಂತು ಮಾಡಿಸಿದ. ಒಂಬತ್ತೂವರೆಗೆ ಸ್ನಾನ ಮಾಡಿ ಕೆಲಸಕ್ಕೆ ಕೂತ. ಕೊಳೆ ಈ ವರ್ಷ ನಮ್ಮಲ್ಲಿ ಅಷ್ಟಾಗಿ ತಾಗಲಿಲ್ಲ. ಈಗ ಕೊಯ್ಲು ನಡೀತಿದೆ. ನಾನು ಕೋಲು ಹಿಡ್ಕೊಂಡು ತೋಟದ ಬಾಗಿಲ ತನಕ ಹೋಗ್ತೀನಿ. ಸಂಕ ಬದಲಾಯಿಸಿದ್ದೀವಿ, ಈಗ ಸಿಮೆಂಟಿಂದು.

ದೀಪಾವಳಿ ಮುಗೀತು. ಆಫೀಸಿನವರು ಈಗ ಜನವರಿ ತನಕ ಇರಿ ಅಂದಿದ್ದಾರಂತೆ. ಆಮೇಲೆ ಕರೀಬಹುದು, ಕರೆದ್ರೆ ಹೋಗ್ತಾನೆ. ಹೋಗ್ಬೇಡ ಅನ್ನೋ ಹಂಗಿಲ್ಲ, ಅದು ಅವನ ಅನ್ನ. ಆದ್ರೆ ನಮ್ಮೂರಲ್ಲಿ ನೆಟ್ ಸರಿ ಇಲ್ಲ ಅನ್ನೋ ಒಂದು ಕಾರಣಕ್ಕೆ ಹೋಗೋದು ಬೇಡ ಅಂತ ನನ್ನ ಆಸೆ ಇತ್ತು. ಅದಾಯ್ತು.

ನಿಮ್ಮ ಮನೇಲೂ ಹೊರಗಿರೋ ಮಕ್ಕಳು ಹಬ್ಬಕ್ಕೆ ಬಂದು ಎರಡೇ ದಿನಕ್ಕೆ ಹೊರಡ್ತಾರೆ ಅಂದ್ರೆ, ಒಂದ್ಸಲ ಮೊಬೈಲ್ ಹಿಡ್ಕೊಂಡು ಅವರ ಕೋಣೇಲಿ ನಿಂತು ಸ್ಪೀಡ್ ನೋಡಿ. ಕಂಪನಿ ಹೆಸರು ಆಮೇಲೆ.

ಅಳತೆ ಬರ್ಕೊಂಡು ಬಂದ್ರೆ ಮಗ ನೋಡಿ ಹೇಳ್ತಾನೆ, ಭಾನುವಾರ ಬನ್ನಿ. ಬೇರೆ ದಿನ ಬಂದ್ರೆ ಜಗಲೀಲಿ ಕೂತು ಜೋರಾಗಿ ಮಾತಾಡ್ಬೇಡಿ, ಅಷ್ಟೆ. ಲೈನ್ ಹುಡುಗನ ನಂಬರ್ ಬೇಕಾದೋರು ನನಗೆ ಫೋನ್ ಮಾಡಿ. ಈಗ ಮನೆಯೊಳಗಿದ್ರೂ ಸಿಗ್ತೀನಿ.

ಮುಂದಿನ ವಾರ ಎಲೆಚುಕ್ಕಿ ವಿಷಯ, ಖಂಡಿತ.